ಕ್ಯಾಷಿಯರ್ ಹೇಳಿದ ನಂಬರು

ಬೆಳಗಿನ ಐದೂ ಮುಕ್ಕಾಲು. ಕೆನಡಾದ ನ್ಯೂಮಾರ್ಕೆಟ್‌ನಿಂದ ಉತ್ತರಕ್ಕೆ ಅರ್ಧ ಗಂಟೆ ಹೋದರೆ ಸಿಗುವ ಎಲ್ಡನ್‌ಫೋರ್ಡ್ ಎಂಬ ಪುಟ್ಟ ಊರಿನ ಮುಖ್ಯರಸ್ತೆಯಲ್ಲಿ ಒಂದೇ ಒಂದು ಬಿಳಿ ವ್ಯಾನ್ ನಿಂತಿದೆ. ಎದುರಿನ ಹಳೇ ಇಟ್ಟಿಗೆ ಕಟ್ಟಡದೊಳಗೆ, ಗೋಡೆಯಲ್ಲಿ ಹುದುಗಿರುವ ಕಬ್ಬಿಣದ ತಿಜೋರಿಯ ಮುಂದೆ, ರೇವಣಸಿದ್ದಪ್ಪ ಗಿಡ್ಡ ಸ್ಟೂಲ್ ಹಾಕಿಕೊಂಡು ಕುಳಿತಿದ್ದಾರೆ. ಮಂಕಿ ಟೋಪಿ, ದಪ್ಪ ಜಾಕೆಟ್ಟು. ಬಲಗೈಗೆ ಮಾತ್ರ ಗ್ಲೌಸಿಲ್ಲ. ಮೂರು ಬೆರಳಲ್ಲಿ ತಿಜೋರಿಯ ಅಂಕಿಚಕ್ರವನ್ನು ಕೂದಲೆಳೆಯಷ್ಟು ತಿರುಗಿಸುತ್ತಾರೆ, ನಿಲ್ಲಿಸುತ್ತಾರೆ, ಕಣ್ಣು ಮುಚ್ಚುತ್ತಾರೆ. ನಾನು ಕೆಮ್ಮಿದ್ದಕ್ಕೆ ಎಡಗೈ ಎತ್ತಿ ಸುಮ್ಮನಿರಿಸುತ್ತಾರೆ.

“ಏಳಕ್ಕ ಲಾರಿ ಶುರು ಆಗತಾವ್ರಿ. ನೆಲ ನಡುಗಿದ್ರ ಬೆರಳಿಗೆ ಏನೂ ತಿಳಿಯಂಗಿಲ್ಲ,” ಎನ್ನುತ್ತಾರೆ ಆಮೇಲೆ. ಬೆಳಗಿನ ಚಹಾ ಕೂಡ ಆಗಿಲ್ಲ. “ಚಾ ಕುಡದ್ರ ನಾಡಿ ಜೋರ ಬಡಿತೈತಿ. ಕೀಲಿ ಮಾತು ಯಾವುದು, ನನ್ನ ರಗತದ ಮಾತು ಯಾವುದು ಗೊತ್ತಾಗಂಗಿಲ್ಲ.” ಬೆಂಗಳೂರು ಕಡೆಯ ಓದುಗರಿಗೆ ಹೇಳಿಬಿಡುತ್ತೇನೆ, ರೇವಣಸಿದ್ದಪ್ಪನವರ ಹುಬ್ಬಳ್ಳಿ ಭಾಷೆಯಲ್ಲಿ ಕೀಲಿ ಎಂದರೆ ಬೀಗ.

ಇದು ಎರಡು ಸಾವಿರದ ಒಂದನೇ ಇಸವಿಯ ನವೆಂಬರ್, ಬುಧವಾರ. ಈ ತಿಜೋರಿಯ ಮುಂದೆ ಅವರು ಕುಳಿತಿರುವ ಮೂರನೆಯ ಮುಂಜಾನೆ, ಮತ್ತು ಕೊನೆಯದು. ಕಟ್ಟಡ ಕೊಂಡಿರುವ ಹೊಸ ಮಾಲೀಕ ಇಲ್ಲಿ ಬೇಕರಿ ಮಾಡುತ್ತಿದ್ದಾನೆ. ಅವನಿಗೆ ಒಲೆ ಇಡಲು ಈ ಗೋಡೆ ಬೇಕು. ನಾಳೆ ಒಂಬತ್ತಕ್ಕೆ ಗ್ಯಾಸ್ ಕಟರ್‌ನವರು ಬರುತ್ತಾರೆ. ಬಾಗಿಲು, ಬೀಗ ಎಲ್ಲ ಸುಟ್ಟು ಕರಗಿ ಹೋಗುತ್ತದೆ.

ಕಿಟಕಿಯ ಪಕ್ಕದಲ್ಲಿ ಗಾಲಿಕುರ್ಚಿಯಲ್ಲಿ ಕೋಟು ತೆಗೆಯದೆ ಕುಳಿತಿರುವವರು ಎಡ್ನಾ ಪ್ರಾಕ್ಟರ್. ವಯಸ್ಸು ತೊಂಬತ್ತನಾಲ್ಕು. ನ್ಯೂಮಾರ್ಕೆಟ್‌ನ ವೃದ್ಧಾಶ್ರಮದಿಂದ ಮೂರು ದಿನವೂ ನಸುಕಿನಲ್ಲೇ ಬಂದಿದ್ದಾರೆ. ಮಾಲೀಕನಿಗೆ ಪತ್ರ ಬರೆದು, ಗೋಗರೆದು, ಈ ಮೂರು ಮುಂಜಾನೆಗಳನ್ನು ಕೇಳಿ ಪಡೆದವರು ಅವರೇ. “ಒಳಗೆ ಏನಿದೆ ಅನ್ನುವುದು ನನಗೆ ಬೇಡ. ನನ್ನ ಅಪ್ಪ ನಿಜ ಹೇಳಿದರೋ ಸುಳ್ಳು ಹೇಳಿದರೋ ಅಷ್ಟು ಗೊತ್ತಾದರೆ ಸಾಕು,” ಎನ್ನುತ್ತಾರೆ.

ಈ ಕಟ್ಟಡ ಹಿಂದೆ ಎಲ್ಡನ್‌ಫೋರ್ಡ್ ಬ್ಯಾಂಕ್ ಆಗಿತ್ತು. ಸಾವಿರದ ಒಂಬೈನೂರ ಹನ್ನೊಂದರ ಅಕ್ಟೋಬರಿನಲ್ಲಿ ಬ್ಯಾಂಕು ಮುಳುಗಿತು. ವ್ಯವಹಾರ ಮುಗಿಸಿ ಬಾಗಿಲು ಹಾಕಲು ಟೊರೊಂಟೊದಿಂದ ಲಿಕ್ವಿಡೇಟರ್ ಬಂದ. ಮೇಜು, ಕುರ್ಚಿ, ಕೌಂಟರಿನ ಹಿತ್ತಾಳೆ ಕಂಬಿ, ಕೊನೆಗೆ ಕೋಟು ನೇತುಹಾಕುವ ಗೂಟಗಳನ್ನೂ ಹರಾಜು ಹಾಕಿದ. ಗೋಡೆಯ ತಿಜೋರಿ ಮಾತ್ರ ತೆರೆಯಲಿಲ್ಲ. ಕ್ಯಾಷಿಯರ್ ವಾಲ್ಟರ್ ಪ್ರಾಕ್ಟರ್, ಅಂದರೆ ಎಡ್ನಾ ಅವರ ತಂದೆ, ಊರವರೆಲ್ಲರ ಎದುರು ತನಗೆ ಗೊತ್ತಿದ್ದ ನಂಬರನ್ನು ಮತ್ತೆ ಮತ್ತೆ ತಿರುಗಿಸಿದರು. ಬಾಗಿಲು ಜಪ್ಪಯ್ಯ ಅನ್ನಲಿಲ್ಲ. ನಂಬರು ಇದೇ, ಬೀಗವೇ ಕೆಟ್ಟಿದೆ ಎಂದರು. ಯಾರೂ ನಂಬಲಿಲ್ಲ. ತಿಜೋರಿ ಒಡೆಸುವ ಖರ್ಚು ದಂಡ ಎಂದು ಲಿಕ್ವಿಡೇಟರ್ ಅದನ್ನು ಅಲ್ಲೇ ಬಿಟ್ಟ, ವರದಿಯಲ್ಲಿ ‘ಕ್ಯಾಷಿಯರ್ ಸಹಕರಿಸಲಿಲ್ಲ’ ಎಂದು ಒಂದು ಸಾಲು ಗೀಚಿ ರೈಲು ಹತ್ತಿದ. ಆ ವರದಿ ಇವತ್ತಿಗೂ ಊರಿನ ಗ್ರಂಥಾಲಯದಲ್ಲಿದೆ.

ಬ್ಯಾಂಕಿನ ಡೈರೆಕ್ಟರುಗಳು ಇದ್ದದ್ದು ಟೊರೊಂಟೊದಲ್ಲಿ. ಬೈಯಲು ಕೈಗೆ ಸಿಗುವಂತೆ ಇದ್ದವರು ವಾಲ್ಟರ್ ಒಬ್ಬರೇ. ಊರು ಬಿಟ್ಟರೆ ಕಳ್ಳನೆಂದು ಒಪ್ಪಿಕೊಂಡ ಹಾಗಾಗುತ್ತದೆಂದು ಅವರು ಅಲ್ಲೇ ಹಿಟ್ಟಿನ ಗಿರಣಿಯಲ್ಲಿ ಮೂವತ್ತು ವರ್ಷ ಮೂಟೆ ಹೊತ್ತರು. ದಾರಿಯಲ್ಲಿ ಸಿಕ್ಕವರು ‘ಏನ್ ವಾಲ್ಟರ್, ನಂಬರು ನೆನಪಾಯ್ತಾ?’ ಎಂದು ನಗುತ್ತಿದ್ದರಂತೆ. ಶಾಲೆಯಲ್ಲಿ ಎಡ್ನಾ ಅವರಿಗೂ ಅದೇ ಕುಹಕ. ಇದನ್ನು ಕೇಳುವಾಗ ನನಗೆ ಸಿಟ್ಟು ಬಂತು. ತೊಂಬತ್ತು ವರ್ಷ ಹಿಂದಿನ ಊರಿನ ಮೇಲೆ ಸಿಟ್ಟಾಗಿ ಪ್ರಯೋಜನವಿಲ್ಲ ಎಂದು ಗೊತ್ತಿದ್ದೂ ಬಂತು.

ಇನ್ನು ನಮ್ಮ ರೇವಣಸಿದ್ದಪ್ಪನವರ ವಿಷಯ. ಇಲ್ಲಿನ ಕನ್ನಡಿಗರಿಗೆ ಇವರ ನೆನಪಾಗುವುದು ಕೀ ಒಳಗೆ ಬಿಟ್ಟು ಬಾಗಿಲು ಹಾಕಿಕೊಂಡಾಗ ಮಾತ್ರ. ಓಕ್‌ವಿಲ್‌ನ ಸತ್ಯಪ್ರಕಾಶ್ ಎಂಬ ಸಾಫ್ಟ್‌ವೇರ್ ಮಹಾಶಯರು ಫೆಬ್ರವರಿಯಲ್ಲಿ ಪಂಚೆಯುಟ್ಟು ಪೇಪರು ತರಲು ಹೊರಬಂದು, ಹಿಂದಿನಿಂದ ಬಾಗಿಲು ಬಿದ್ದು, ಮೈನಸ್ ಹದಿನೆಂಟರಲ್ಲಿ ಪಕ್ಕದ ಮನೆಯ ಬೆಲ್ ಒತ್ತಿದವರು. ಆ ಕಥೆಯನ್ನು ಅವರು ಪ್ರತಿ ಯುಗಾದಿ ಊಟದಲ್ಲೂ ಹೇಳುತ್ತಾರೆ. ಬಾಗಿಲು ತೆಗೆದುಕೊಟ್ಟವರ ಹೆಸರು ಕೇಳಿದರೆ ‘ಅವ್ರೇ, ಕೀ ಅಂಕಲ್’ ಎನ್ನುತ್ತಾರೆ.

ಕೀ ಅಂಕಲ್‌ಗೆ ಈಗ ಐವತ್ತೇಳು. ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಿ ತಂದೆಯ ಬೀಗದಂಗಡಿ. ಹನ್ನೆರಡನೇ ವಯಸ್ಸಿಗೆ ಅಲ್ಲಿ ಕುಳಿತವರು. ತೊಂಬತ್ತನೇ ಇಸವಿಯಲ್ಲಿ ಕೆನಡಾಕ್ಕೆ ಬಂದು ಬ್ರಾಂಪ್ಟನ್‌ನ ಪ್ಲಾಸ್ಟಿಕ್ ಕಾರ್ಖಾನೆಯಲ್ಲಿ ನಾಲ್ಕು ವರ್ಷ ದುಡಿದರು. ಬಿಸಿ ಅಚ್ಚು ತಗುಲಿ ಎಡಗೈಯ ಎರಡು ಬೆರಳ ತುದಿ ಮರಗಟ್ಟಿದವು. ಉಳಿದದ್ದು ಬಲಗೈ. ಅದನ್ನೇ ನೆಚ್ಚಿಕೊಂಡು ಮಿಸಿಸಾಗದ ಮನೆಯ ಬೇಸ್‌ಮೆಂಟಿನಲ್ಲಿ ಸ್ವಂತ ಕೆಲಸ ಶುರುಮಾಡಿದರು.

ದಿನಕ್ಕೆ ಹತ್ತು ಹನ್ನೆರಡು ಕರೆ, ಇನ್ನೂರು ಕಿಲೋಮೀಟರು, ವಾರಕ್ಕೆ ಆರು ದಿನ. ಈಗಿನದು ಮೂರನೆಯ ವ್ಯಾನು. ತಿಜೋರಿಗಳು ವರ್ಷಕ್ಕೆ ಐದಾರು ಬಂದರೆ ಹೆಚ್ಚು. ಬೇರೆಯವರು ಡ್ರಿಲ್ ಹೊಡೆದು ಅರ್ಧ ಗಂಟೆಯಲ್ಲಿ ಎದ್ದು ಹೋಗುತ್ತಾರೆ. ಇವರು ಡ್ರಿಲ್ ಮುಟ್ಟುವುದಿಲ್ಲ. ತಿಜೋರಿ ಕೆಲಸದ ಹಿಂದಿನ ದಿನ, ಬೆರಳು ಉರಿದೀತೆಂದು, ಅಡುಗೆಮನೆಯಲ್ಲಿ ಖಾರವನ್ನೂ ಮುಟ್ಟುವುದಿಲ್ಲ. “ಕೆಲಸ ತಪ್ಪಿಸ್ಕೊಳ್ಳಾಕ ಇದೊಂದು ಚಲೋ ನೆಪ ಸಿಕ್ಕೈತಿ ನೋಡ್ರಿ,” ಎಂದು ಹೆಂಡತಿ ಈರವ್ವ ನಗುತ್ತಾರೆ.

ನಗಲಾರದ ದಿನಗಳೂ ಇದ್ದವು. “ನಾ ಬಾಗಿಲ ಮುಂದ ಕುಂತು ಕೀಲಿ ತಗೀತಿದ್ರ ಬಾಜೂ ಮನಿಯವ್ರು ಪೊಲೀಸರಿಗೆ ಫೋನ್ ಹಚ್ಚತಿದ್ರು. ಆರು ಸಲ ಬಂದಾರ. ಕೈ ಮ್ಯಾಲೆತ್ತೂದು, ಲೈಸೆನ್ಸ್ ತೋರಸೂದು. ಖರೇ ಹೇಳೂ ಮನಷ್ಯಾಗ ಕೈ ಮ್ಯಾಲೆತ್ತಿ ನಿಂದ್ರೂದು ಭಾಳ ತ್ರಾಸ್ರಿ,” ಎನ್ನುತ್ತಾರೆ.

ಮತ್ತೆ ತಿಜೋರಿಯ ಹತ್ತಿರ. ಆರೂವರೆಗೆ ಅವರು ಚಕ್ರದಿಂದ ಕೈ ತೆಗೆಯುತ್ತಾರೆ. “ಇದು ಎಲ್ಲೂ ಮಾತಾಡವಲ್ದು.” ನನ್ನ ಮುಖ ನೋಡಿ ಬಿಡಿಸಿ ಹೇಳುತ್ತಾರೆ. ಬೀಗದೊಳಗೆ ಮೂರು ಬಿಲ್ಲೆಗಳಿರುತ್ತವೆ, ಒಂದೊಂದಕ್ಕೂ ಒಂದು ಕಚ್ಚು. ಸರಿಯಾದ ನಂಬರಿಗೆ ಮೂರೂ ಕಚ್ಚು ಒಂದೇ ಸಾಲಿಗೆ ಬಂದಾಗ ಮೇಲಿನ ಪುಟ್ಟ ಸನ್ನೆಗೋಲು ಅದರೊಳಗೆ ಇಳಿದು ಬಾಗಿಲು ಬಿಡುತ್ತದೆ. ತಪ್ಪು ನಂಬರಿನಲ್ಲೂ ಆ ಸನ್ನೆಗೋಲು ಬಿಲ್ಲೆಗೆ ಎಲ್ಲೋ ಒಂದು ಕಡೆ ತಾಕುತ್ತದೆ. ಆ ತಾಕುವಿಕೆಯನ್ನೇ ಬೆರಳು ಹಿಡಿಯಬೇಕು. “ಎರಡ ದಿನ ಆತು, ಒಂದ ಕಡೆನೂ ತಾಕವಲ್ದು. ಅಂದ್ರ ನಂಬರಿಂದು ತಪ್ಪಲ್ಲ. ಆ ಸನ್ನಿಗೋಲು ಕೆಳಗ ಇಳಿಯಾಕತ್ತಿಲ್ಲ.”

ಅವರು ಎದ್ದು ಎಡ್ನಾ ಅವರ ಬಳಿ ಹೋಗಿ ಮಂಡಿಯೂರುತ್ತಾರೆ. ಸೋಮವಾರ ಆಕೆ ಹೇಳಿದ್ದ ತಂದೆಯ ನಂಬರನ್ನು ಒಂದು ಸಲ ತಿರುಗಿಸಿ, ತೆರೆಯದಿದ್ದಾಗ ಅದನ್ನು ಬದಿಗಿಟ್ಟು, ಬೇರೆ ನಂಬರು ಹುಡುಕಲು ಕುಳಿತಿದ್ದರು. ಈಗ ಇಂಗ್ಲಿಷಿನಲ್ಲಿ ಕೇಳುತ್ತಾರೆ: “ಮೇಡಂ, ತಂದೆಯವರ ನಂಬರು ಇನ್ನೊಮ್ಮೆ ಹೇಳಿ.”

“ಮೂವತ್ತೊಂದು, ಎಂಟು, ಅರವತ್ತೆರಡು,” ಎನ್ನುತ್ತಾರೆ ಎಡ್ನಾ, ಮಗ್ಗಿ ಒಪ್ಪಿಸುವ ಹಾಗೆ.

ಚಕ್ರವನ್ನು ಆ ನಂಬರಿಗೆ ತಂದು ನಿಲ್ಲಿಸಿ, ಬಟ್ಟೆ ಸುತ್ತಿದ ಮರದ ಸುತ್ತಿಗೆಯಿಂದ ಬಾಗಿಲಿಗೆ ಮೆಲ್ಲಗೆ ಬಡಿಯುತ್ತಾರೆ. ಬಡಿಯುವುದು, ಹಿಡಿ ಎಳೆದು ನೋಡುವುದು, ಮತ್ತೆ ಬಡಿಯುವುದು. ಅರವತ್ತರವರೆಗೆ ಎಣಿಸಿ ನಾನು ಬಿಟ್ಟೆ. ಏಳಕ್ಕೆ ಐದು ನಿಮಿಷವಿರುವಾಗ ಮೊದಲ ಲಾರಿ ಹಾದುಹೋಯಿತು. ಅದರ ಸದ್ದು ಅಡಗಿದ ಮೇಲೆ ಒಳಗೆ ಟಕ್ ಎಂದಿತು, ಹಿಡಿ ತಿರುಗಿತು.

ಬೇಕರಿ ಮಾಲೀಕ ಟಾರ್ಚ್ ಹಿಡಿದು ಎಲ್ಲರಿಗಿಂತ ಮೊದಲು ಬಗ್ಗುತ್ತಾನೆ. ಒಣಗಿದ ಮಸಿಕುಡಿಕೆ, ಬರೆಯದ ರಸೀದಿ ಪುಸ್ತಕಗಳು, ಒಂದು ರಬ್ಬರ್ ಸ್ಟ್ಯಾಂಪು. “ಇಷ್ಟೇನಾ?” ಎಂದು ಅವನು ಕಾಫಿ ಮಾಡಲು ಹೋಗುತ್ತಾನೆ. ರೇವಣಸಿದ್ದಪ್ಪ ಮುಖ ಆಚೆ ತಿರುಗಿಸಿ ನಿಂತಿದ್ದಾರೆ. “ತಗದಾಂವ ಒಳಗ ನೋಡಬಾರದು ಅಂತ ನಮ್ಮಪ್ಪ ಕಲಿಸ್ಯಾನ. ನಾ ಕೀಲಿ ಅಷ್ಟ ನೋಡತೀನಿ.” ಬಾಗಿಲ ಹಿಂಬದಿಯ ಮುಚ್ಚಳದ ನಾಲ್ಕು ತಿರುಪು ಬಿಚ್ಚುತ್ತಾರೆ. ಮೂರು ಬಿಲ್ಲೆಗಳ ಕಚ್ಚುಗಳು ಒಂದೇ ಸಾಲಿನಲ್ಲಿ ನಿಂತಿವೆ. ಸನ್ನೆಗೋಲಿನ ಬುಡದಲ್ಲಿ, ಮುರಿದ ಸ್ಪ್ರಿಂಗಿನ ಜೀರಿಗೆಯಷ್ಟು ತುಂಡು.

ಗಾಲಿಕುರ್ಚಿಯನ್ನು ತಾವೇ ತಳ್ಳಿಕೊಂಡು ಬಂದು, ಎಡ್ನಾ ಅವರ ಕೈಗೆ ಭೂತಗನ್ನಡಿ ಕೊಡುತ್ತಾರೆ. “ಈ ತುಂಡು ಸಿಕ್ಕಿಕೊಂಡು ಬಾಗಿಲು ತೆರೆದಿರಲಿಲ್ಲ ಮೇಡಂ. ನಂಬರು ಸರಿಯಾಗೇ ಇತ್ತು. ನಿಮ್ಮ ತಂದೆ ಸುಳ್ಳು ಹೇಳಿಲ್ಲ.”

ಆಕೆ ಬಹಳ ಹೊತ್ತು ನೋಡುತ್ತಾರೆ. “ಆ ದಿನ ತಿರುಗಿಸಿ ತಿರುಗಿಸಿ ಅಪ್ಪನ ಬೆರಳು ಸುಲಿದು ಹೋಗಿತ್ತಂತೆ. ಅಮ್ಮ ಬೆಣ್ಣೆ ಹಚ್ಚಿದ್ದಳಂತೆ,” ಎನ್ನುತ್ತಾರೆ. ನನ್ನ ಕಣ್ಣು ತುಂಬಿತು, ಮುಚ್ಚುಮರೆ ಯಾಕೆ.

ಪ್ರತಿ ಕೆಲಸಕ್ಕೂ ರೇವಣಸಿದ್ದಪ್ಪ ಒಂದು ಜಾಬ್ ಶೀಟ್ ಬರೆಯುತ್ತಾರೆ. ಗಿರಾಕಿಯ ಹೆಸರು ಏನೆಂದು ಬರೆಯಲಿ ಎಂದು ಕೇಳಿದಾಗ ಎಡ್ನಾ ‘ವಾಲ್ಟರ್ ಪ್ರಾಕ್ಟರ್’ ಎಂದರು. ದೂರು: ತೆರೆಯುತ್ತಿಲ್ಲ. ಕಾರಣ: ಸ್ಪ್ರಿಂಗ್ ಮುರಿದಿದೆ, ಗಿರಾಕಿ ಹೇಳಿದ ನಂಬರು ಸರಿ ಇದೆ. ಅದರ ಒಂದು ಪ್ರತಿ ಈಗ ಗ್ರಂಥಾಲಯದಲ್ಲಿ, ಲಿಕ್ವಿಡೇಟರ್ ವರದಿಯ ಫೈಲಿನಲ್ಲೇ ಇದೆ.

ವ್ಯಾನಿನಲ್ಲಿ ಕುಳಿತು ಕೊನೆಗೂ ಚಹಾ ಕುಡಿಯುವಾಗ, ಪೇಪರಿನಲ್ಲಿ ನಿಮ್ಮ ಬಗ್ಗೆ ಏನು ಬರೆಯಲಿ ಎಂದು ಕೇಳಿದೆ. ಥರ್ಮಾಸಿನ ಮುಚ್ಚಳವನ್ನು ಎರಡೂ ಕೈಯಲ್ಲಿ ಹಿಡಿದು ಒಂದು ಗುಟುಕು ಕುಡಿದರು.

“ಆಯಮ್ಮ ಮೊದಲನೇ ದಿನಾನ ನಂಬರು ಹೇಳಿದ್ಲು. ಎರಡ ದಿನ ನಾನೂ ನಂಬಲಿಲ್ರಿ. ಅದನ್ನ ಬಿಡಬ್ಯಾಡ್ರಿ, ಬರೀರಿ.”