ಹದಿನೇಳನೇ ನಂಬರು

ಹೆಗಲಿಗೆ ಚೀಲ, ಕೈಯಲ್ಲಿ ನೀರಿನ ಬಾಟಲಿ, ಕುತ್ತಿಗೆಗೆ ಐಡಿ ಕಾರ್ಡು. ಇಷ್ಟು ಕಂಡರೆ ಸಾಕು, ನನ್ನ ಮೈ ಉರಿಯುತ್ತಿತ್ತು. ನವಿ ಮುಂಬೈನ ರಬಾಳೆಯ ನಮ್ಮ ಕನ್ನಡ ಶಾಲೆಯ ಗೇಟಿನೊಳಗೆ ಅಂಥವರು ಕಾಲಿಟ್ಟರೆಂದರೆ ಯಾವುದೋ ವಿಶ್ವವಿದ್ಯಾಲಯದಿಂದ ಸಂಶೋಧನೆಗೆ ಬಂದಿದ್ದಾರೆ, ನನ್ನ ಒಂದು ಮಧ್ಯಾಹ್ನ ಹಾಳಾಯಿತು ಎಂದೇ ಲೆಕ್ಕ. ಹೆಡ್‌ಮಾಸ್ತರರು ಅವರಿಗೆ ಕುರ್ಚಿ ಹಾಕಿಸಿ, ಟೀ ತರಿಸಿ, ಆಮೇಲೆ ನನ್ನ ತರಗತಿಯ ಬಾಗಿಲಿಗೆ ಬಂದು ಹಲ್ಲು ಕಿರಿಯುತ್ತಿದ್ದರು.

"ಸ್ವಲ್ಪ ಇವರ ಜೊತೆ ಹೋಗಿ ಬನ್ನಿ ಮೇಡಂ. ನಿಮಗೆ ನಾಲ್ಕು ಭಾಷೆ ಬರುತ್ತಲ್ಲ."

ನಾಲ್ಕು ಭಾಷೆ ಬಂದದ್ದು ನನ್ನ ಕರ್ಮ. ಮೈಸೂರಿನಲ್ಲಿ ಕನ್ನಡ, ಇಂಗ್ಲಿಷು ಓದಿ, ಡೊಂಬಿವಲಿಗೆ ಸೊಸೆಯಾಗಿ ಬಂದು, ಲೋಕಲ್ ಟ್ರೇನಿನ ಹೆಂಗಸರ ಡಬ್ಬಿಯಲ್ಲಿ ಜಗಳವಾಡುತ್ತಲೇ ಮರಾಠಿ, ಹಿಂದಿ ಎರಡನ್ನೂ ಕಲಿತವಳು ನಾನು. ಶಾಲೆಯ ಹಿಂದಿನ ವಸ್ತಿಯಲ್ಲಿ, ಎಂದರೆ ಗುಡಿಸಲುಗಳ ಕೇರಿಯಲ್ಲಿ, ಇರುವವರೆಲ್ಲ ಕಲಬುರಗಿ, ರಾಯಚೂರು, ವಿಜಯಪುರದ ಕಡೆಯ ಕೂಲಿಯವರು. ಬಂದವರಿಗೆ ಅವರ ಕನ್ನಡ ತಿಳಿಯದು, ಅವರಿಗೆ ಬಂದವರ ಇಂಗ್ಲಿಷು ತಿಳಿಯದು. ನಡುವೆ ನಾನು ಬಿಸಿಲಿನಲ್ಲಿ ನಿಂತು, ಅವರು ಹೇಳಿದ್ದನ್ನು ಇವರಿಗೆ, ಇವರು ಹೇಳಿದ್ದನ್ನು ಅವರಿಗೆ ಹೇಳಬೇಕು.

ಮೊದಲು ಬಂದವರು ಕೆಮಿಸ್ಟ್ರಿಯವರು. ನಲ್ಲಿಯಿಂದ, ಡ್ರಮ್ಮಿನಿಂದ, ಮೋರಿಯಿಂದ ನೀರು ತುಂಬಿಕೊಂಡು, ಪ್ರತಿ ಬಾಟಲಿಗೂ ಚೀಟಿ ಅಂಟಿಸಿಕೊಂಡು ಹೋದರು. ಆ ನೀರು ಕುಡಿಯಬಹುದೋ ಬಾರದೋ ಎಂದು ಇವತ್ತಿನವರೆಗೂ ಯಾರೂ ಬಂದು ಹೇಳಿಲ್ಲ. ಆಮೇಲೆ ಸೊಳ್ಳೆಮರಿ ಎಣಿಸುವ ಜೀವಶಾಸ್ತ್ರದವನು ಬಂದ. ಡ್ರಮ್ಮುಗಳ ಮುಚ್ಚಳ ತೆಗೆದವನು ಒಂದನ್ನೂ ಮುಚ್ಚದೆ ಹೋದ. ವರ್ಷಕ್ಕೆ ಎಷ್ಟು ಸಲ ಊರಿಗೆ ಹೋಗುತ್ತೀರಿ, ಹೋದರೆ ಎಷ್ಟು ದಿನ ಇರುತ್ತೀರಿ ಎಂದು ಅರ್ಥಶಾಸ್ತ್ರದವಳು ಕೇಳಿದಳು. ಭಾಷಾಶಾಸ್ತ್ರದವನೊಬ್ಬ ನನ್ನ ತರಗತಿಯ ಮಕ್ಕಳಿಗೆ ಬದನೆಕಾಯಿ, ಏಣಿ, ಬಾಚಣಿಗೆಯ ಚಿತ್ರ ತೋರಿಸಿ ಇದಕ್ಕೇನು ಅನ್ನುತ್ತೀರಿ ಎಂದು ಕೇಳಿದ. ಅವು ಎಲ್ಲದಕ್ಕೂ ಹಿಂದಿಯಲ್ಲೇ ಉತ್ತರ ಕೊಟ್ಟವು. ಅವನಿಗೆ ಹಿಗ್ಗೋ ಹಿಗ್ಗು. ಹತ್ತೊಂಬತ್ತು ವರ್ಷದಿಂದ ಕನ್ನಡ ಕಲಿಸುತ್ತಿರುವ ನನಗೆ ಕಪಾಳಕ್ಕೆ ಬಾರಿಸಿದ ಹಾಗಾಗಿತ್ತು, ಅವನ ಪ್ರಬಂಧಕ್ಕೆ ಅದೊಂದು ಅಧ್ಯಾಯವಾಯಿತು.

ಇವರೆಲ್ಲರ ಪಟ್ಟಿಯಲ್ಲೂ ಇದ್ದವಳು ಒಬ್ಬಳು. ನನ್ನ ತರಗತಿಯ ಹುಡುಗಿಯೊಬ್ಬಳ ತಾಯಿ, ಕಲಬುರಗಿ ಕಡೆಯವಳು. ಯಾರು ಏನು ಕೇಳಿದರೂ ಇಲ್ಲವೆನ್ನದ ಸ್ವಭಾವ ಅವಳದು. ಕಲ್ಲು ಕೊಯ್ಯುವ ಶೆಡ್ಡಿನಲ್ಲಿ ಕೆಲಸ. ಟಿಟ್ವಾಳಾ, ಬದಲಾಪುರದ ಹೊಸ ಫ್ಲಾಟುಗಳಿಗೆ ಅಡುಗೆಕಟ್ಟೆಯ ಗ್ರಾನೈಟು ಅಲ್ಲಿಂದಲೇ ಹೋಗುತ್ತದೆ. ಗಂಡಸರು ಮೆಷಿನ್ ಹಿಡಿದರೆ ಇವಳು ಕಲ್ಲು ಹಿಡಿದು ನಿಲ್ಲಬೇಕು, ಬಿದ್ದ ಪುಡಿ ಗುಡಿಸಬೇಕು. ಸಂಜೆ ಮಗಳನ್ನು ಕರೆದುಕೊಂಡು ಹೋಗಲು ಬಂದಾಗ ಹಿಟ್ಟಿನ ಗಿರಣಿಯಿಂದ ಎದ್ದು ಬಂದವಳ ಹಾಗೆ ಹುಬ್ಬೆಲ್ಲ ಬೆಳ್ಳಗಿರುತ್ತಿತ್ತು.

ಅವಳು ಬೀಸುವ ಪದ ಹಾಡುತ್ತಾಳೆಂದು ಪತ್ತೆ ಮಾಡಿದವಳು ಜಾನಪದದಲ್ಲಿ ಪಿಎಚ್‌ಡಿ ಮಾಡುವ ಹುಡುಗಿ, ಬೆಂಗಳೂರು ಕಡೆಯವಳು. ಶಾಲೆಯ ಜಗಲಿಯಲ್ಲಿ ಮೈಕ್ ಇಟ್ಟು ಕೂತಳು. ಹಾಡುವಾಗ ನಮ್ಮವಳು ಸಾಲಿನ ನಡುವೆ ನಿಲ್ಲಿಸುವಳು, ಎದೆಯ ಮೇಲೆ ಕೈ ಇಟ್ಟುಕೊಳ್ಳುವಳು, ಮತ್ತೆ ಮುಂದುವರಿಯುವಳು. ನಿಲ್ಲಿಸಿದಾಗಲೆಲ್ಲ ಆ ಹುಡುಗಿ ಕಣ್ಣು ಮುಚ್ಚಿ ತಲೆದೂಗುತ್ತಿದ್ದಳು. ನಾನು ಪಕ್ಕದಲ್ಲೇ ಕೂತು ಗಡಿಯಾರ ನೋಡುತ್ತಿದ್ದೆ. ಡೊಂಬಿವಲಿಗೆ ಹೋಗಲು ಠಾಣೆ ಸ್ಟೇಷನ್ನಿನಲ್ಲಿ ಗಾಡಿ ಬದಲಿಸಬೇಕು. ಐದೂ ನಲವತ್ತರದ್ದು ತಪ್ಪಿದರೆ ಮುಂದಿನದರಲ್ಲಿ ಕಾಲಿಡುವುದಕ್ಕೂ ಜಾಗವಿರುವುದಿಲ್ಲ. ಇನ್ನೆಷ್ಟು ಎಳೀತಾಳೆ ಇವಳು ಎಂದು ಮನಸ್ಸಿನಲ್ಲೇ ಬೈದುಕೊಂಡಿದ್ದೆ.

ಅದಾಗಿ ಆರೇಳು ತಿಂಗಳಿಗೆ, ಮಳೆಗಾಲ ಮುಗಿದ ಮೇಲೆ, ಮೆಡಿಕಲ್ ಸಂಶೋಧನೆಯವನು ಬಂದ. ಚಿಕ್ಕ ವಯಸ್ಸು, ಮರಾಠಿ ಮಾತಾಡುವವನು, ಮೆತ್ತಗಿನ ದನಿ. ಕಲ್ಲಿನ ಶೆಡ್ಡಿನವರ ಉಸಿರು ಅಳೆಯುವ ಮೆಷಿನ್ ತಂದಿದ್ದ. ಮೂಗಿಗೆ ಚಿಮಟಿ ಹಾಕಿ, ರಟ್ಟಿನ ಕೊಳವೆ ಬಾಯಿಗಿಟ್ಟುಕೊಂಡು ಊದಬೇಕು. "ಜೋರಾಗಿ, ಜೋರಾಗಿ, ಇನ್ನೂ, ಇನ್ನೂ" ಎಂದು ಮೂವತ್ತು ಜನಕ್ಕೆ ಕೂಗಿ ಕೂಗಿ ನನ್ನ ಗಂಟಲೇ ಒಣಗಿತು. ನಮ್ಮ ಹಾಡಿನವಳು ಮೂರು ಸಲ ಊದಿದಳು. ಮೂರು ಸಲವೂ ಅರ್ಧಕ್ಕೇ ಕೆಮ್ಮು ಬಂತು. ನಾಚಿಕೊಂಡು ನಕ್ಕಳು.

ಪ್ರತಿಯೊಬ್ಬರಿಗೂ ಒಂದೊಂದು ಫಾರಂ. ಅದರಲ್ಲಿ ಹೆಸರಿಲ್ಲ, ನಂಬರು ಮಾತ್ರ. ಯಾವ ನಂಬರು ಯಾರದೆಂಬ ಪಟ್ಟಿ ನನ್ನ ಬೀರುವಿನಲ್ಲೇ ಇರಲಿ ಎಂದ ಅವನು. ಬಡವರ ಗುಟ್ಟು ಹೊರಗೆ ಹೋಗಬಾರದಂತೆ. ಒಂದೊಂದು ಫಾರಂನಲ್ಲೂ ಎರಡು ಪುಟ ಪ್ರಶ್ನೆ. ಕೇಳಿ ತುಂಬಿಸಿ ಎಂದು ನನ್ನ ಕೈಗೆ ಕೊಟ್ಟು ಅವನು ಮೆಷಿನ್ ಹತ್ತಿರ ಹೋದ. ತುಂಬಿಸಿದೆ, ಹೆಬ್ಬೆಟ್ಟು ಒತ್ತಿಸಿದೆ. ಇವಳದು ಹದಿನೇಳು.

"ಹದಿನೇಳು ಅಂದ್ರ ಯಾವಾಗ ಕರೀತಾರ್ರಿ ಅಕ್ಕೋರ?"

ಆಸ್ಪತ್ರೆಯಲ್ಲಿ ಕೊಡುವ ಟೋಕನ್ ಎಂದುಕೊಂಡಿದ್ದಳು. ನಂಬರು ಕೊಟ್ಟ ಮೇಲೆ ಯಾರಾದರೂ ಕರೆಯಲೇಬೇಕಲ್ಲ. ಬಿಡಿಸಿ ಹೇಳುವ ತಾಳ್ಮೆ ನನಗಿರಲಿಲ್ಲ.

"ಕರೀತಾರೆ ಹೋಗು" ಎಂದೆ.

ದೀಪಾವಳಿ ರಜೆ ಮುಗಿದ ಮೇಲೆ ಒಂದು ಸಂಜೆ ಗೇಟಿನ ಹತ್ತಿರ ನಿಂತು ಕೇಳಿದಳು, "ಹದಿನೇಳು ಬಂತೇನ್ರಿ?" ಇಲ್ಲವೆಂದೆ. ಪರೀಕ್ಷೆಯ ಸಮಯದಲ್ಲಿ ಇನ್ನೊಮ್ಮೆ ಕೇಳಿದಳು. ಈ ಸಲ ದನಿ ತಗ್ಗಿಸಿ, ಸುತ್ತ ಯಾರಿಲ್ಲವೆಂದು ನೋಡಿಕೊಂಡು ಕೇಳಿದ್ದಳು. ಉತ್ತರ ಪತ್ರಿಕೆಗಳ ಕಟ್ಟು ಹಿಡಿದು ಓಡುತ್ತಿದ್ದ ನಾನು ಸಿಡುಕಿದೆ.

"ನನಗೇನಮ್ಮಾ ಗೊತ್ತು? ನನ್ನ ತಲೆ ತಿನ್ನಬೇಡ."

ಅವಳು ಮತ್ತೆ ಕೇಳಲಿಲ್ಲ.

ಕಳೆದ ಚಳಿಗಾಲದಲ್ಲಿ ವಿಶ್ವವಿದ್ಯಾಲಯದವರು ಸಂಶೋಧನಾ ಮೇಳ ಅಂತ ಮಾಡಿದರು, ನವಿ ಮುಂಬೈನ ಒಂದು ಕಾಲೇಜಿನ ಹಾಲಿನಲ್ಲಿ. ಸಹಾಯ ಮಾಡಿದವರಿಗೆ ಸನ್ಮಾನವಂತೆ. ಹೆಡ್‌ಮಾಸ್ತರರು ಬಲವಂತ ಮಾಡಿದ್ದಕ್ಕೆ ಹೋದೆ. ಒಂದು ಪ್ರಮಾಣಪತ್ರ, ಒಂದು ಕುಂಡದ ಗಿಡ, ಒಂದು ತಣ್ಣಗಿನ ಸಮೋಸಾ. ಹಾಲಿನ ತುಂಬ ಪೋಸ್ಟರುಗಳು. ಗುಬ್ಬಚ್ಚಿ, ಉಪ್ಪು, ಕಲ್ಯಾಣದ ಹಳೆಯ ಬಾವಿ, ಯಾವುದೋ ನಕ್ಷತ್ರ, ಹೆಂಗಸರ ಕೈಬರಹದ ಪತ್ರ, ಜೋಳದ ಬೇರಿನ ಹುಳ. ಡೊಂಬಿವಲಿ ಸ್ಟೇಷನ್ನಿನ ಮೆಟ್ಟಿಲಲ್ಲಿ ಜನ ಹೇಗೆ ಇಳಿಯುತ್ತಾರೆಂದು ಒಬ್ಬ ಗಣಿತ ಮಾಡಿದ್ದ. ಬಾಣದ ಗುರುತುಗಳೆಲ್ಲ ಸಾಲಾಗಿ, ಸಭ್ಯವಾಗಿ ಇಳಿಯುತ್ತಿದ್ದವು. ಬೆಳಿಗ್ಗೆ ಎಂಟರ ಹೊತ್ತಿಗೆ ಒಂದು ದಿನವಾದರೂ ಅಲ್ಲಿ ನಿಂತಿದ್ದೀಯಾ ಎಂದು ಕೇಳಿದೆ. ನಿಂತಿರಲಿಲ್ಲ, ವಿಡಿಯೋ ನೋಡಿದ್ದನಂತೆ.

ಮುಂದಿನ ಮೇಜು ನಮ್ಮ ಜಾನಪದದ ಹುಡುಗಿಯದು. ಹೆಡ್‌ಫೋನ್ ಕೊಟ್ಟು ಕೇಳಿಸಿದಳು. ಅದೇ ದನಿ, ನಮ್ಮ ಕಲ್ಲಿನ ಶೆಡ್ಡಿನವಳದು. ಪೋಸ್ಟರಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದಿತ್ತು: ಸಾಲಿನ ನಡುವೆ ಬರುವ ಈ ನಿಲುಗಡೆ ಆ ಭಾಗದ ಬೀಸುವ ಪದದ ವಿಶಿಷ್ಟ ಶೈಲಿ, ಬೀಸುಕಲ್ಲು ಒಂದು ಸುತ್ತು ಮುಗಿಸುವ ಲಯದ ನೆನಪು. ಆಗಲಿ, ನಮ್ಮವಳು ಶೈಲಿಯಾದಳು ಎಂದುಕೊಂಡು ಮುಂದೆ ಹೋದೆ.

ಅಲ್ಲಿಂದ ಮೂರನೇ ಮೇಜು ಉಸಿರಿನವನದು. ಉದ್ದನೆಯ ಒಂದು ಪಟ್ಟಿ ಹಾಕಿದ್ದ. ಹದಿನೇಳು, ಹೆಂಗಸು, ಮೂವತ್ತನಾಲ್ಕು ವರ್ಷ, ಕಲ್ಲಿನ ಕೆಲಸ ಹನ್ನೊಂದು ವರ್ಷ. ಅದರ ಮುಂದೆ ಒಂದು ಚುಕ್ಕಿ. ಚುಕ್ಕಿಯೆಂದರೆ ಏನೆಂದು ಕೆಳಗೆ ಸಣ್ಣಕ್ಷರದಲ್ಲಿತ್ತು: ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದವರು. ಮೂವತ್ತು ಜನರಲ್ಲಿ ಚುಕ್ಕಿ ಇದ್ದದ್ದು ಅವಳೊಬ್ಬಳಿಗೇ.

ನನಗೆ ಸಿಟ್ಟು ಬಂತು. ಆ ಹುಡುಗನ ತೋಳು ಹಿಡಿದು ಜಾನಪದದವಳ ಮೇಜಿಗೆ ಎಳೆದುಕೊಂಡೇ ಬಂದೆ, ಹೆಡ್‌ಫೋನ್ ಅವನ ಕಿವಿಗೆ ಹಾಕಿದೆ. ಮೊದಲು ಅವನಿಗೆ ಅರ್ಥವಾಗಲಿಲ್ಲ. ಆಮೇಲೆ ಬೆರಳು ಮಡಿಸುತ್ತಾ ಎಣಿಸತೊಡಗಿದ. ಎಷ್ಟು ಮಾತಿಗೊಮ್ಮೆ ಉಸಿರು ತೆಗೆದುಕೊಳ್ಳುತ್ತಾಳೆ ಎಂದು ಎಣಿಸುತ್ತಿದ್ದ.

"ಇದು ಯಾವಾಗಿನ ರೆಕಾರ್ಡಿಂಗು?" ಎಂದು ಕೇಳಿದ.

ಅವನು ಬರುವುದಕ್ಕೆ ಆರೇಳು ತಿಂಗಳ ಮೊದಲಿನದು ಎಂದಳು ಜಾನಪದದವಳು. ಅವನು ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟ. "ಆಗಲೇ ಶುರುವಾಗಿತ್ತು" ಎಂದ. ಬೆಳಗಿನಿಂದ ಇಬ್ಬರೂ ಒಂದೇ ಫ್ಲಾಸ್ಕಿನ ಟೀ ಕುಡಿಯುತ್ತಾ ಕೂತಿದ್ದರು.

"ಅದು ಶೈಲಿ ಅಲ್ಲ ಕಣಮ್ಮಾ, ಅವಳಿಗೆ ಉಸಿರು ಸಾಲದೆ ನಿಲ್ಲಿಸಿದ್ದು" ಎಂದೆ.

ಹುಡುಗಿಯ ಮುಖ ಕಪ್ಪಿಟ್ಟಿತು. "ನೀವೂ ಪಕ್ಕದಲ್ಲೇ ಕೂತಿದ್ರಲ್ಲ ಮೇಡಂ" ಎಂದಳು.

ಅದನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಉಸಿರಿನವನ ಕಡೆ ತಿರುಗಿ ಬಾಯಿಗೆ ಬಂದದ್ದೆಲ್ಲ ಅಂದೆ. ನಿಮಗೆ ಮನುಷ್ಯತ್ವ ಇದೆಯಾ, ಪೋಸ್ಟರಿಗೆ ಬರೆಯುವುದು ಗೊತ್ತು, ಅವಳಿಗೆ ಒಂದು ಮಾತು ಹೇಳುವುದು ಗೊತ್ತಿಲ್ಲವಾ, ವರ್ಷವಾಯಿತಲ್ಲ ಎಂದೆ. ಹಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವನು ಲ್ಯಾಪ್‌ಟಾಪ್ ತೆರೆದು ಹದಿನೇಳನೇ ಫಾರಂ ತೋರಿಸಿದ.

"ಹೇಳುವ ಹಾಗಿರಲಿಲ್ಲ ಮೇಡಂ. ಫಲಿತಾಂಶ ತಿಳಿಯಲು ಇಷ್ಟವಿದೆಯೇ ಎಂಬ ಪ್ರಶ್ನೆಗೆ ಅವರು ಇಲ್ಲ ಅಂದಿದ್ದಾರೆ. ಮೂವತ್ತು ಜನವೂ ಇಲ್ಲ ಅಂದಿದ್ದಾರೆ. ನನಗೂ ಆಶ್ಚರ್ಯವಾಗಿತ್ತು."

'ಇಲ್ಲ' ಎಂಬುದರ ಮುಂದೆ ಕೆಂಪು ಶಾಯಿಯ ಗುರುತು. ಮಕ್ಕಳ ನೋಟ್‌ಬುಕ್ಕಿಗೆ ನಾನು ಹಾಕುವ, ಉದ್ದ ಬಾಲವಿರುವ ಅದೇ ಗುರುತು. 'ಹೌದು' ಎಂದು ಹಾಕಿದರೆ ಕೆಳಗೆ ಇನ್ನೂ ನಾಲ್ಕು ಸಾಲು ತುಂಬಬೇಕಿತ್ತು: ವಿಳಾಸ, ಫೋನ್, ಹತ್ತಿರದವರ ಹೆಸರು, ಅವರ ಫೋನ್. ಮೂವತ್ತು ಜನಕ್ಕೆ ನಾಲ್ಕು ನಾಲ್ಕು ಸಾಲು. ಐದೂ ನಲವತ್ತರ ಗಾಡಿ. ಅವಳನ್ನು ನಾನು ಆ ಪ್ರಶ್ನೆ ಕೇಳಿರಲೇ ಇಲ್ಲ. ಯಾರನ್ನೂ ಕೇಳಿರಲಿಲ್ಲ.

ಈಗೇನು ಮಾಡುವುದೆಂದು ಕೇಳಿದೆ. ಹೋದ ಉಸಿರು ವಾಪಸು ಬರುವುದಿಲ್ಲ, ಆದರೆ ಕಲ್ಲಿನ ಕೆಲಸ ಬಿಟ್ಟರೆ ಇರುವಷ್ಟನ್ನು ಉಳಿಸಿಕೊಳ್ಳಬಹುದು ಎಂದ ಅವನು. ಬಿಡದಿದ್ದರೆ ದಿನೇ ದಿನೇ ಕಡಿಮೆಯಾಗುತ್ತ ಹೋಗುತ್ತದಂತೆ. ಈ ಒಂದು ವರ್ಷವೂ ಅವಳು ಒಂದು ದಿನ ಬಿಡದೆ ಶೆಡ್ಡಿಗೆ ಹೋಗಿದ್ದಳು. ನನಗೆ ಅದು ಗೊತ್ತಿತ್ತು, ಬಿಳಿ ಹುಬ್ಬನ್ನು ದಿನವೂ ನೋಡುತ್ತಿದ್ದೆನಲ್ಲ. ಕುಂಡದ ಗಿಡವನ್ನು ಅಲ್ಲೇ ಬಿಟ್ಟು ಬಂದೆ.

ಮರುದಿನ ಶಾಲೆಗೆ ಹೋಗದೆ ನೇರ ಶೆಡ್ಡಿಗೆ ಹೋದೆ. ಮೆಷಿನ್ನಿನ ಸದ್ದಿಗೆ ಕಿವಿ ಗುಂಯ್ ಅನ್ನುತ್ತಿತ್ತು. ನನ್ನನ್ನು ಕಂಡವಳೇ ಮಗಳಿಗೆ ಏನೋ ಆಗಿದೆಯೆಂದು ಓಡಿಬಂದಳು. ಹತ್ತು ಹೆಜ್ಜೆಗೆ ಏದುಸಿರು.

"ಮಗಳು ಚೆನ್ನಾಗಿದಾಳೆ" ಎಂದೆ. "ನಿನ್ನ ನಂಬರು..."

"ಕರದ್ರೇನ್ರಿ?" ಎಂದು ಮುಖ ಅರಳಿಸಿದಳು. ಸೆರಗಿನಿಂದ ಕೈ ಒರೆಸಿಕೊಂಡಳು, ಆಗಲೇ ಹೊರಡುವವಳ ಹಾಗೆ.

ರಸ್ತೆಯ ಬದಿಗೆ ಕರೆದುಕೊಂಡು ಹೋಗಿ ಎಲ್ಲ ಹೇಳಿದೆ. ಎದೆಯೊಳಗೆ ಕಲ್ಲಿನ ಪುಡಿ ಕೂತಿದೆ, ಈ ಕೆಲಸ ಇವತ್ತೇ ಬಿಡಬೇಕು ಎಂದೆ. ಅವಳನ್ನು ಕೇಳದೆ 'ಇಲ್ಲ' ಎಂಬುದಕ್ಕೆ ಟಿಕ್ ಹಾಕಿದವಳು ನಾನೇ ಎಂಬುದನ್ನೂ ಹೇಳಿದೆ. ಅವಳು ಬೈಯುತ್ತಾಳೆಂದು ಕಾದೆ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

"ಇದು ಯಾವಾಗ ಗೊತ್ತಾಗಿತ್ರಿ ಅವ್ರಿಗೆ?"

"ಹೋದ ವರ್ಷಾನೇ."

ಅವಳು ಸೆರಗಿನ ತುದಿಯಿಂದ ಹುಬ್ಬಿನ ಪುಡಿ ಒರೆಸಿಕೊಂಡಳು.

"ನಾ ಕೇಳಿದ್ನಲ್ರಿ ಅಕ್ಕೋರ" ಎಂದಳು. "ಎರಡು ಸಲ ಕೇಳಿದ್ದೆ."

ನಾಳೆ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ ಎಂದೆ. ಬೆಳಿಗ್ಗೆ ಅವಳು ಸ್ಟೇಷನ್ನಿನಲ್ಲಿ ನನಗಿಂತ ಮೊದಲೇ ಬಂದು ನಿಂತಿದ್ದಳು, ಮುಖ ತೊಳೆದು, ಒಳ್ಳೆಯ ಸೀರೆ ಉಟ್ಟು.

ಠಾಣೆಯ ಆಸ್ಪತ್ರೆಯಲ್ಲಿ ಕಿಟಕಿಯಿಂದ ಒಂದು ಫಾರಂ ಕೊಟ್ಟರು, ಮರಾಠಿಯದು. ಬೆಂಚಿನ ಮೇಲೆ ಕೂತು ಪೆನ್ನು ತೆಗೆದೆ. ಹೆಸರು, ವಯಸ್ಸು ಬರೆದು ಸರಸರನೆ ಕೆಳಗಿಳಿಯುತ್ತಿದ್ದೆ. ಅವಳು ಅಂಗೈಯನ್ನು ಫಾರಂ ಮೇಲೆ ಇಟ್ಟುಬಿಟ್ಟಳು.

"ಓದ್ರಿ."

"ನಾನು ಬರೀತೀನಿ ಬಿಡು, ಬೇಗ ಆಗುತ್ತೆ."

"ನನಗೇನು ಗಡಬಡಿ ಇಲ್ರಿ. ಒಂದೊಂದ ಓದ್ರಿ. ನಾ ಹೇಳ್ತೀನಿ, ಆಮ್ಯಾಲ ಬರೀರಿ."

ಓದಿದೆ. ಒಂದು ಸಾಲು ಓದುವುದು, ಕನ್ನಡದಲ್ಲಿ ಹೇಳುವುದು, ಅವಳು ಯೋಚಿಸಿ ಉತ್ತರ ಕೊಡುವುದು, ಬರೆಯುವುದು. ಮೊದಲು ಯಾವ ಕಾಯಿಲೆ ಬಂದಿತ್ತು, ಎಷ್ಟು ದಿನದಿಂದ ಕೆಮ್ಮು, ಮೆಟ್ಟಿಲು ಹತ್ತಿದರೆ ಏನಾಗುತ್ತದೆ. ನಮಗಿಂತ ಆಮೇಲೆ ಬಂದವರು ಬರೆದು ಕೊಟ್ಟು ಮುಂದೆ ಹೋದರು. ಇಷ್ಟು ದಿನ ಅವಳು ಮೆಟ್ಟಿಲಿನ ನಡುನಡುವೆ ಕೂತು ಕೂತು ಹತ್ತುತ್ತಿದ್ದಳೆಂಬುದು ನನಗೆ ಅವತ್ತು ಗೊತ್ತಾಯಿತು.

ಪುಟದ ಕೊನೆಯಲ್ಲಿ ಒಂದು ಸಾಲಿತ್ತು, ವರದಿಯನ್ನು ಯಾರಿಗೆ ತಿಳಿಸಬೇಕು ಎಂದು. ಅದನ್ನೂ ಓದಿದೆ.

"ನನಗ" ಎಂದಳು. ನಿಲ್ಲಿಸಿ ಉಸಿರು ತೆಗೆದುಕೊಂಡಳು. "ನನಗೇ ಹೇಳ್ಬೇಕಂತ ಬರೀರಿ."

ಬರೆದೆ.

"ಏನ್ ಬರದ್ರಿ, ಓದ್ರಿ ಒಮ್ಮೆ" ಎಂದಳು.

ಓದಿದೆ.