ಕೆಳಗದ್ದೆಗೆ ಇಳಿದ ನನ್ನ ನೀರು

ಹೋದ ವಾರ ಬೈಂದೂರಿನಲ್ಲಿ ಕುಂದಾಪುರದ ಬಸ್ಸು ಹತ್ತಿದ್ದೆ. ಪಕ್ಕದಲ್ಲಿ ಕುಳಿತವರ ಕೈಚೀಲದಿಂದ ಒಂದು ವಾಸನೆ ಬರತೊಡಗಿತು. ಸೀಮೆಎಣ್ಣೆಯ ಹಾಗೆ, ಅದರೊಳಗೆ ಕೊಳೆತ ಬೆಳ್ಳುಳ್ಳಿ ಬೆರೆತ ಹಾಗೆ. ಗದ್ದೆಗೆ ಹೊಡೆಯುವ ಔಷಧಿಯ ಬಾಟಲಿಯ ಮುಚ್ಚಳ ಸಡಿಲವಾಗಿತ್ತೇನೋ. ಕಿಟಕಿ ತೆರೆದೆ, ಮುಖ ಹೊರಗೆ ಹಾಕಿದೆ, ಆಗಲಿಲ್ಲ. ತ್ರಾಸಿಯಲ್ಲೇ ಇಳಿದುಬಿಟ್ಟೆ. ಕುಂದಾಪುರದಲ್ಲಿ ಆಗಬೇಕಿದ್ದ ಕೆಲಸವನ್ನು ಅಲ್ಲಿಗೇ ಬಿಟ್ಟು, ರಸ್ತೆ ದಾಟಿ, ಬಂದ ದಾರಿಗೇ ಬಸ್ಸು ಹಿಡಿದೆ. ಅಂದಿನಿಂದ ಒಂದು ಕಡೆ ಕೂರಲಾಗುತ್ತಿಲ್ಲ. ಬರೆದರೆ ಸ್ವಲ್ಪ ಇಳಿಯಬಹುದು ಅನ್ನಿಸಿ ಬರೆಯುತ್ತಿದ್ದೇನೆ.

ನನ್ನ ಗದ್ದೆಯ ಕೆಳಗಿನ ಗದ್ದೆಯವರನ್ನು ನಾವೆಲ್ಲ ಕೆಳಗದ್ದೆ ಚಿಕ್ಕಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆವು. ನಮಗೂ ಅವರಿಗೂ ನೆಂಟಸ್ತಿಕೆ ಇರಲಿಲ್ಲ, ಇದ್ದದ್ದು ನೀರಿನ ಸಂಬಂಧ ಮಾತ್ರ. ಉಪ್ಪುಂದದ ಹತ್ತಿರ ನಮ್ಮ ಬೈಲು. ಎರಡು ದಿಬ್ಬಗಳ ನಡುವೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಗದ್ದೆಗಳು. ನನ್ನ ಗದ್ದೆಯಲ್ಲಿ ಹೆಚ್ಚಾದ ನೀರು ಅಂಚಿನ ಕಂಡಿಯೊಂದರಿಂದ ಚಿಕ್ಕಿಯ ಗದ್ದೆಗೆ ಇಳಿಯುತ್ತಿತ್ತು. ಅಲ್ಲಿಂದ ಅವರ ಮದಗಕ್ಕೆ, ಅಂದರೆ ಗದ್ದೆಯ ಮೂಲೆಯ ಸಣ್ಣ ಕೆರೆಗೆ, ಆಮೇಲೆ ತೋಡಿಗೆ, ಎಂದರೆ ಹಳ್ಳಕ್ಕೆ. ನಾನು ನನ್ನ ಗದ್ದೆಗೆ ಏನು ಹಾಕಿದರೂ ಅದು ಒಂದಲ್ಲ ಒಂದು ದಿನ ಅವರ ಗದ್ದೆಗೆ ಹೋಗುತ್ತಿತ್ತು. ಇಷ್ಟು ಸಣ್ಣ ಸಂಗತಿ ನನ್ನ ತಲೆಗೆ ಹೋಗಲು ಬಹಳ ಕಾಲ ಹಿಡಿಯಿತು.

ಮುಂಬೈಯಲ್ಲಿ ಹನ್ನೆರಡು ವರ್ಷ ಕ್ಯಾಂಟೀನ್ ನಡೆಸಿ, ಅದು ಮುಚ್ಚಿದ ಮೇಲೆ ಊರಿಗೆ ಬಂದು ಬೇಸಾಯಕ್ಕಿಳಿದವನು ನಾನು. ಎಲ್ಲವೂ ಆ ಹೊತ್ತಿಗೇ ಆಗಬೇಕು ನನಗೆ. ಆರ್ಡರ್ ಬಂದ ಕೂಡಲೇ ದೋಸೆ ಹುಯ್ಯುವ ಕೈ ಇದು. ಚಿಕ್ಕಿಯಾದರೋ ಬೆಳಿಗ್ಗೆ ಗದ್ದೆಯಂಚಿನಲ್ಲಿ ಸುಮ್ಮನೆ ಕೂರುತ್ತಿದ್ದರು. ಅರ್ಧ ಗಂಟೆ, ಮುಕ್ಕಾಲು ಗಂಟೆ... ಗಂಡ ತೀರಿಕೊಂಡ ಮೇಲೆ ಆ ಗದ್ದೆಯನ್ನು ಅವರೊಬ್ಬರೇ ನೋಡಿಕೊಳ್ಳುತ್ತಿದ್ದರು. ಕೆಲಸ ಬಿಟ್ಟು ಇವರು ಎಂತ ನೋಡುತ್ತಾರೆ ಎಂದು ನನಗೆ ಒಳಗೊಳಗೇ ನಗು.

ಎರಡನೆಯ ವರ್ಷ ಮಳೆಗಾಲದ ಕಾರ್ತಿ ಬೆಳೆಯಲ್ಲಿ, ತೆನೆ ಬರುವ ಹೊತ್ತಿಗೆ, ನನ್ನ ಗದ್ದೆಗೆ ಕಂದು ಜಿಗಿಹುಳು ಬಿತ್ತು. ಬುಡ ಸರಿಸಿ ನೋಡಿದರೆ ಎಳ್ಳು ಚೆಲ್ಲಿದ ಹಾಗೆ ಹುಳ. ನಾನು ಅತ್ತಿಂದಿತ್ತ ಓಡಾಡುವುದನ್ನು ಕಂಡು ಚಿಕ್ಕಿ ಅಂಚಿಗೆ ಬಂದರು.

"ನೀರ್ ಇಳ್ಸ್ ಮಗಾ. ಬುಡ ಒಣಗ್ಲಿ, ಗಾಳಿ ಆಡ್ಲಿ. ನಿನ್ನ ನೀರ್ ಪೂರಾ ನನ್ನ ಗದ್ದಿಗೇ ಬಿಡ್, ನಾ ತಕಂತೆ. ಒಂದ್ ಎಂಟ್ ದಿನ ತಡಿ."

"ಎಂಟ್ ದಿನದಂಗೆ ಗದ್ದಿಯೇ ಹೋತ್ತಲ್ಲ ಚಿಕ್ಕಿ."

"ಹೋತಿಲ್ಲೆ. ಆ ಹುಳ ತಿಂಬು ಹುಳವೂ ನಿನ್ನ ಗದ್ದಿಯಂಗೇ ಇತ್. ಅದ್ಕ್ ಒಂಚೂರ್ ಪುರ್ಸೊತ್ ಕೊಡ್."

ಹೂಂ ಎಂದೆ. ಮರುದಿನ ಬೆಳಿಗ್ಗೆ ಪೇಟೆಗೆ ಹೋಗಿ ಔಷಧಿ ತಂದೆ, ಬಾಡಿಗೆಯ ಪಂಪು ಬೆನ್ನಿಗೆ ಹಾಕಿಕೊಂಡು ಮಧ್ಯಾಹ್ನದೊಳಗೆ ಇಡೀ ಗದ್ದೆಗೆ ಹೊಡೆದು ಮುಗಿಸಿದೆ. ಕಂಡಿ ಮುಚ್ಚಬೇಕೆಂಬ ನೆನಪೇ ಆಗಲಿಲ್ಲ. ನೆನಪಾಗಲಿಲ್ಲವೋ, ಮುಚ್ಚುವ ಸೋಮಾರಿತನವೋ, ಇವತ್ತಿಗೂ ನನಗೆ ಖಚಿತವಿಲ್ಲ. ಮೂರು ಗಂಟೆಗೆ ಮಳೆ ಬಂತು. ಮೋಡ ಒಡೆದ ಹಾಗೆ ಒಂದು ತಾಸು ಸುರಿಯಿತು.

ಮಾರನೆಯ ದಿನ ಚಿಕ್ಕಿ ಮದಗದ ದಂಡೆಯಲ್ಲಿ ಕುಕ್ಕರುಗಾಲಿನಲ್ಲಿ ಕುಳಿತಿದ್ದರು. ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಬೆರಳುದ್ದದವು, ಗೇಣುದ್ದದ ಮುಗುಡುಗಳು, ಕಾಲು ಚಾಚಿದ ಕಪ್ಪೆಗಳು. ಮೊದಲ ಮಳೆಗೆ ತೋಡಿನಿಂದ ಗದ್ದೆಗೆ ಹತ್ತಿ ಬಂದು, ಮರಿ ಮಾಡಿ, ಬೇಸಿಗೆಗೆ ಆ ಮದಗದಲ್ಲಿ ಉಳಿಯುತ್ತಿದ್ದ ಮೀನುಗಳು. ಅವರು ಒಂದೊಂದನ್ನೇ ಹೆಕ್ಕಿ ಬುಟ್ಟಿಗೆ ಹಾಕುತ್ತಿದ್ದರು.

"ನೀರ್ ಕಟ್ಟದೆ ಹೊಡ್ದ್ಯಾ?" ತಲೆ ಎತ್ತದೆ ಕೇಳಿದರು.

"ಹೌದ್ ಚಿಕ್ಕಿ."

ಬುಟ್ಟಿ ತುಂಬಿದ ಮೇಲೆ ತೆಂಗಿನ ಮರದ ಬುಡದಲ್ಲಿ ಗುಂಡಿ ತೆಗೆದು ಹೂಳಿದರು. ಆಮೇಲೆ ಗುದ್ದಲಿ ಹಿಡಿದು ನಮ್ಮಿಬ್ಬರ ನಡುವಿನ ಕಂಡಿಯನ್ನು ಕಲ್ಲು ಮಣ್ಣು ಹಾಕಿ ಮುಚ್ಚಿದರು. ನನ್ನ ಗದ್ದೆ ಇನ್ನು ಮುಳುಗಿತು, ತಕ್ಕ ಶಾಸ್ತಿ ಎಂದುಕೊಂಡೆ. ಆದರೆ ಅವರು ಅಲ್ಲಿಗೇ ನಿಲ್ಲಿಸಲಿಲ್ಲ. ತಮ್ಮ ಗದ್ದೆಯ ಅಂಚಿನುದ್ದಕ್ಕೂ ಎರಡು ಸಾಲು ಪೈರನ್ನು ಕಿತ್ತು, ಹೊಡೆ ತುಂಬಿದ ಪೈರು ಅದು, ಅಲ್ಲೊಂದು ಕಾಲುವೆ ತೋಡತೊಡಗಿದರು. ನನ್ನ ನೀರು ಅವರ ಗದ್ದೆ, ಮದಗ ಯಾವುದನ್ನೂ ಮುಟ್ಟದೆ ನೇರವಾಗಿ ತೋಡಿಗೆ ಹೋಗುವ ದಾರಿ. ನನ್ನ ಮೇಲೆ ಅಷ್ಟು ಸಿಟ್ಟಿದ್ದರೂ ನನ್ನ ಗದ್ದೆಯನ್ನು ಮುಳುಗಿಸಲು ಅವರಿಗೆ ಮನಸ್ಸು ಬಂದಿರಲಿಲ್ಲ.

ಮೊದಲ ದಿನ ನಾನು ಮನೆಯ ಜಗಲಿಯಿಂದ ನೋಡಿದೆ. ಎರಡನೆಯ ದಿನ ಅಂಚಿನವರೆಗೆ ಹೋಗಿ ವಾಪಸು ಬಂದೆ. ಎಲೆಯ ಗೊರಬು ಹೊದ್ದು, ಮಳೆಯಲ್ಲಿ, ಅವರೊಬ್ಬರೇ ಅಗೆಯುತ್ತಿದ್ದರು. ಮೂರನೆಯ ದಿನ ನಾನೂ ಗುದ್ದಲಿ ತೆಗೆದುಕೊಂಡು ಹೋಗಿ ಇನ್ನೊಂದು ತುದಿಯಿಂದ ಅಗೆದೆ. ಅವರು ಬಾ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ. ಸಂಜೆಯ ಹೊತ್ತಿಗೆ ಎರಡು ಗುದ್ದಲಿಗಳು ನಡುವೆ ಕೂಡಿದವು.

ಹದಿನೈದು ದಿನ ಕಳೆದಿರಬಹುದು. ನನ್ನ ಗದ್ದೆಯ ನಡುವೆ ಗುಂಡಗೆ, ಬೆಂಕಿ ತಾಗಿ ಸುಟ್ಟ ಹಾಗೆ ಒಂದು ಜಾಗ ಒಣಗಿತು. ನಾಲ್ಕು ದಿನಕ್ಕೆ ಅದು ಅಂಗಳದಷ್ಟು ಅಗಲವಾಯಿತು. ಹುಳ ಮೊದಲಿಗಿಂತ ಹೆಚ್ಚಾಗಿ ತಿರುಗಿ ಬಂದಿತ್ತು. ಮತ್ತೆ ಪೇಟೆಗೆ ಹೊರಟವನು ದಾರಿಯಲ್ಲಿ ನಿಂತೆ. ಚಿಕ್ಕಿಯ ಗದ್ದೆ ಮಾತ್ರ ಒಂದು ಮೂಲೆ ಬಿಟ್ಟರೆ ಹಸುರಾಗಿಯೇ ಇತ್ತು. ನಾಚಿಕೆ ಬಿಟ್ಟು ಅವರ ಅಂಗಳಕ್ಕೆ ಹೋದೆ.

ಅವರು ನನ್ನನ್ನು ತಮ್ಮ ಗದ್ದೆಯಂಚಿಗೆ ಕರೆದುಕೊಂಡು ಹೋದರು. "ಇಲ್ ಕೂಕೋ. ಬುಡ ಕಾಣ್. ಸುಮ್ನೆ ಕಾಣ್."

ಎರಡು ನಿಮಿಷಕ್ಕೆ ನನ್ನ ಕಾಲು ಕುಣಿಯತೊಡಗಿತು. ಅವರು ಮೊಣಕಾಲ ಮೇಲೆ ಕೈಯಿಟ್ಟು ಅದುಮಿದರು. ಸ್ವಲ್ಪ ಹೊತ್ತಿಗೆ ಕಣ್ಣು ಪಳಗಿತು. ಪ್ರತಿ ಬುಡದಲ್ಲೂ ಜೇಡ. ಉದ್ದ ಕಾಲಿನವು, ನೀರಿನ ಮೇಲೇ ಓಡುವವು, ಬೆನ್ನಿನ ಮೇಲೆ ಮರಿಗಳನ್ನು ಹೊತ್ತವು. ಒಂದು ಜೇಡ ನನ್ನ ಕಣ್ಣೆದುರೇ ಜಿಗಿಹುಳುವನ್ನು ಹಿಡಿಯಿತು.

"ಈಗ ನಿನ್ನ ಗದ್ದಿಗ್ ಹೋಯ್ ಕಾಣ್."

ಹೋಗಿ ನೋಡಿ ಬಂದೆ. "ಒಂದೂ ಇಲ್ಲೆ ಚಿಕ್ಕಿ."

"ಕೊಂದದ್ದ್ ಯಾರ್ನ ಅಂದೇಳಿ ಈಗ ಗೊತ್ತಾಯ್ತಾ?"

ಆ ವರ್ಷ ನನಗೆ ಅರ್ಧ ಬೆಳೆಯೂ ಬರಲಿಲ್ಲ. ಆದರೆ ಅಂದಿನಿಂದ ನಾನು ಅವರ ಬೆನ್ನು ಬಿದ್ದೆ. ಅಂಚಿನ ಹುಲ್ಲನ್ನು ಒಂದೇ ಸಲ ಪೂರ್ತಿ ಸವರದೆ ಒಂದು ಕಡೆ ಬಿಟ್ಟು ಇನ್ನೊಂದು ಕಡೆ ಸವರುವುದು, ಜೇಡಕ್ಕೆ ಅಡಗಲು ಜಾಗ ಬೇಕಲ್ಲ. ಹಕ್ಕಿ ಕೂರಲು ಗದ್ದೆಯ ನಡುವೆ ಗೆಲ್ಲು ಊರುವುದು. ಕಾರ್ತಿ ಕೊಯ್ದ ಮೇಲೆ ಮಣ್ಣಿನ ಪಸೆ ಆರುವ ಮೊದಲು ಉದ್ದು, ಅವಡೆಯಂಥ ಕಾಳು ಬಿತ್ತುವುದು. ಬೇಸಿಗೆಯಲ್ಲಿ ಮದಗದ ಕೆಸರು ಎತ್ತಿ ಗದ್ದೆಗೆ ಹರಡುವುದು. ಏಡಿ ಅಂಚು ಕೊರೆದರೆ ವಿಷ ಇಡದೆ ಕೈ ಹಾಕಿ ಹಿಡಿದು ಸಾರು ಮಾಡುವುದು. ಹೇಳುವಾಗ ಅವರ ಮಾತು ಗಡಿಬಿಡಿಯದು, ಮಾಡುವಾಗ ಕೈ ಮಾತ್ರ ನಿಧಾನ. ಮೂರನೆಯ ವರ್ಷ ಅವರಾಗಿಯೇ ಬಂದು, ನಡುವಿನ ಕಂಡಿಗೆ ತುಂಬಿದ್ದ ಕಲ್ಲು ಮಣ್ಣು ಕಿತ್ತು ನನ್ನ ನೀರನ್ನು ತಮ್ಮ ಗದ್ದೆಗೆ ಬಿಟ್ಟುಕೊಂಡರು. ಆ ದಿನ ನನಗಾದ ಸಂತೋಷ...

ಆಮೇಲೆ ನನಗೆ ಹೆಸರೂ ಬಂತು. ಔಷಧಿ ಹೊಡೆಯದ ಗದ್ದೆ ಎಂದು ಬ್ರಹ್ಮಾವರದ ಕಡೆಯಿಂದ ಒಂದಷ್ಟು ಬೇಸಾಯದವರು ನೋಡಲು ಬಂದರು. ಇದನ್ನೆಲ್ಲ ಎಲ್ಲಿ ಕಲಿತಿರಿ ಎಂದು ಒಬ್ಬರು ಕೇಳಿದರು. "ಅನುಭವ" ಎಂದುಬಿಟ್ಟೆ. ಚಿಕ್ಕಿ ಹುಲ್ಲಿನ ಹೊರೆ ಹೊತ್ತು ಅದೇ ಅಂಚಿನಲ್ಲಿ ದಾಟಿ ಹೋಗುತ್ತಿದ್ದರು. ಕೇಳಿಸಿತೋ ಇಲ್ಲವೋ. ನಾನು ಆಮೇಲೂ ಸರಿಪಡಿಸಲಿಲ್ಲ.

ಗದ್ದೆ ಚಿಕ್ಕಿಯೊಬ್ಬರದೇ ಆಗಿರಲಿಲ್ಲ. ಹುಬ್ಬಳ್ಳಿಯಲ್ಲಿ ಹೋಟೆಲಿದ್ದ ಮೈದುನನ ಪಾಲೂ ಅದರಲ್ಲಿ ಕೂಡಿತ್ತು, ಕಾಗದಪತ್ರವೆಲ್ಲ ಅವರ ಹೆಸರಿಗೇ ಇತ್ತು. ಹೆದ್ದಾರಿ ಅಗಲವಾದ ಮೇಲೆ ಆ ಮೈದುನರಿಗೆ ಅಲ್ಲೊಂದು ಮದುವೆ ಹಾಲ್ ಕಟ್ಟುವ ಆಸೆ ಹುಟ್ಟಿತು. ಒಂದು ಮಧ್ಯಾಹ್ನ ಚಿಕ್ಕಿ ಕೈಯಲ್ಲಿ ಕಾಗದ ಹಿಡಿದು ನಮ್ಮ ಜಗಲಿಗೆ ಬಂದರು.

"ಇಲ್ ಒಂದ್ ಸಹಿ ಹಾಕ್ ಮಗಾ. ಅವ್ರ್ ಹಾಲ್ ಕಟ್ಲಿ, ನಾ ಬ್ಯಾಡ ಅಂಬುದಿಲ್ಲೆ. ನೀರ್ ಹೋಪುಕೆ ಒಂದ್ ದಾರಿ, ಆ ಮದಗ, ಅಷ್ಟ್ ಬಿಟ್ರ್ ಸಾಕ್. ಮೇಲ್‌ಗದ್ದಿಯರ್ ಸಹಿ ಇದ್ರೆ ಪಂಚಾಯ್ತಿಯರ್ ಮಾತ್ ಕೇಂತ್ರ್ ಅಂಬ್ರ್."

ಪೆನ್ನು ನನ್ನ ಜೇಬಿನಲ್ಲೇ ಇತ್ತು. ಆದರೆ ಅದರ ಹಿಂದಿನ ದಿನವಷ್ಟೇ ಮೈದುನ ಸಿಕ್ಕಿ ಚಹಾ ಕುಡಿಸಿದ್ದರು. ಹಾಲ್‌ನ ರಸ್ತೆಯನ್ನು ನನ್ನ ಗದ್ದೆಯ ಅಂಚಿನವರೆಗೂ ಎಳೆಯುತ್ತಾರಂತೆ. "ನಿಮ್ಗೂ ಒಳ್ಳೇದೇ ಅಲ್ದಾ?" ಎಂದಿದ್ದರು. ರಸ್ತೆ ಬಂದರೆ ನಾಳೆ ನನ್ನ ಜಾಗಕ್ಕೂ... ಯೋಚನೆ ಅಷ್ಟು ದೂರ ಓಡಿಬಿಟ್ಟಿತ್ತು.

"ಸ್ವಲ್ಪ ಕಾಂತೆ ಚಿಕ್ಕಿ. ಎರಡ್ ದಿನ ಬಿಟ್ ಹೇಳ್ತೆ" ಎಂದೆ.

ಅವರು ನನ್ನ ಮುಖವನ್ನು ಒಂದು ಗಳಿಗೆ ನೋಡಿದರು. "ಆತ್ ಮಗಾ" ಎಂದು ಕಾಗದ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದರು.

ಎರಡು ದಿನ ಒಂಬತ್ತು ದಿನವಾಯಿತು. ಒಂಬತ್ತೂ ದಿನ ನಾನು ನೆಟ್ಟಗೆ ಉಣ್ಣಲಿಲ್ಲ, ಚಿಕ್ಕಿ ಇರುವ ಹೊತ್ತಿನಲ್ಲಿ ಗದ್ದೆಯ ಕಡೆಗೂ ಹೋಗಲಿಲ್ಲ. ಹತ್ತನೆಯ ಬೆಳಿಗ್ಗೆ ಟಿಪ್ಪರ್‌ಗಳ ಸದ್ದಿಗೆ ಎಚ್ಚರವಾಯಿತು. ಕೆಂಪು ಮಣ್ಣು ಹೊತ್ತು ಒಂದರ ಹಿಂದೆ ಒಂದು ಇಳಿಯುತ್ತಿದ್ದವು. ಪಂಚಾಯಿತಿಗೆ ಓಡಿದೆ. ಚಿಕ್ಕಿ ಕೊಟ್ಟುಹೋಗಿದ್ದ ಅರ್ಜಿ ಅಲ್ಲಿತ್ತು, ಅದರಲ್ಲಿ ಅವರ ಹೆಬ್ಬೆಟ್ಟಿನ ಗುರುತು ಒಂದೇ. ಕೆಳಗೆ ಸಹಿ ಹಾಕಿದೆ. ಇನ್ನು ಪ್ರಯೋಜನವಿಲ್ಲ, ಹಾಲ್‌ಗೆ ಒಪ್ಪಿಗೆ ಕೊಟ್ಟಾಗಿದೆ ಎಂದರು ಅಲ್ಲಿಯವರು.

ಅಲ್ಲಿಂದ ನೇರವಾಗಿ ಕೆಳಗದ್ದೆಗೆ ಬಂದೆ. ಟಿಪ್ಪರ್ ಮಣ್ಣು ಸುರಿಯುತ್ತಿದ್ದ ಜಾಗದಿಂದ ಹತ್ತು ಮಾರು ದೂರದಲ್ಲಿ ಚಿಕ್ಕಿ ಮದಗಕ್ಕಿಳಿದು ಸೊಂಟದವರೆಗೆ ನೀರಿನಲ್ಲಿ ನಿಂತಿದ್ದರು.

"ಚಿಕ್ಕಿ, ನಾ ಈಗ ಸಹಿ ಹಾಕಿ ಬಂದೆ..."

"ಬೈಯ್ಯುದ್ ಆಮೇಲ್ ಬೈತೆ. ಈಗ ಕೊಡ ತಕಂಡ್ ಬಾ. ಮುಗುಡು ಸುಮಾರ್ ಇತ್ ಇದ್ರಂಗೆ. ನಿನ್ನ ಬಾವಿಗಾರೂ ಬಿಡುವ."

ಮಧ್ಯಾಹ್ನದವರೆಗೆ ಹಿಡಿದೆವು. ಬುಟ್ಟಿಯಲ್ಲಿ, ಸೀರೆಯ ತುಂಡಿನಲ್ಲಿ, ಬರಿಗೈಯಲ್ಲಿ. ಮುಗುಡಿನ ಮುಳ್ಳು ಚುಚ್ಚಿ ನನ್ನ ಅಂಗೈ ಊದಿತು. ನಾನು ಏಳು ಸಲ ಕೊಡ ಹೊತ್ತು ಓಡಿದೆ. ಎಂಟನೆಯ ಸಲಕ್ಕೆಂದು ತಿರುಗಿ ಬರುವಾಗ ಮದಗದ ಒಂದು ಬದಿ ಕುಸಿದು ನೀರು ಕೆಂಪಾಗಿತ್ತು. ಚಿಕ್ಕಿ ದಡದಲ್ಲಿ ಕೂತು ಸೆರಗು ಹಿಂಡುತ್ತಿದ್ದರು. ಡ್ರೈವರ್ ಒಬ್ಬ ಗಾಡಿ ನಿಲ್ಲಿಸಿ ಅವರಿಗೆ ಕುಡಿಯಲು ನೀರು ಕೊಟ್ಟ.

ಆಮೇಲೆ ಬೈಯುತ್ತೇನೆ ಎಂದಿದ್ದರಲ್ಲ, ಬೈಯಲೇ ಇಲ್ಲ. ಅವರ ಮನೆಯೂ ಆ ಜಾಗದಲ್ಲೇ ಇದ್ದುದರಿಂದ ಎರಡು ತಿಂಗಳೊಳಗೆ ಸಾಲಿಗ್ರಾಮದಲ್ಲಿರುವ ಮಗಳ ಮನೆಗೆ ಹೋದರು. ಸಾಲಿಗ್ರಾಮ ದೂರದ ಊರೇನಲ್ಲ. ಉಡುಪಿಗೆ ಹೋಗುವಾಗೆಲ್ಲ ಬಸ್ಸು ಅಲ್ಲಿ ನಿಲ್ಲುತ್ತದೆ. ಪ್ರತಿ ಸಲವೂ ಇಳಿಯಬೇಕು ಎಂದು ಸೀಟಿನ ತುದಿಗೆ ಬರುತ್ತಿದ್ದೆ. ಕಂಡಕ್ಟರ್ ಸೀಟಿ ಊದುತ್ತಿದ್ದ, ಬಸ್ಸು ಹೊರಡುತ್ತಿತ್ತು. ಹೋಗಿ ಏನು ಹೇಳುವುದು... ಹಾಗೇ ನಾಲ್ಕು ವರ್ಷ ಕಳೆಯಿತು.

ಕಳೆದ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಉತ್ತರಕ್ರಿಯೆಯ ದಿನ ಹೋದೆ. ಊಟ ಮುಗಿದು ಹೊರಡುವಾಗ ಮಗಳು ಗೇಟಿನವರೆಗೆ ಬಂದರು.

"ಮಳಿ ಹೊಯ್ದ್ರ್ ಸಾಕ್, ಅಮ್ಮ ಬಾಗಿಲಂಗೆ ನಿಂತ್ಕಂತಿದ್ರ್. ಮೇಲ್‌ಗದ್ದಿಯಂಗೆ ನೀರ್ ನಿಂತಿತ್ತಾ ಏನೋ, ನೆಟ್ಟಿ ಕೊಳೀತ್ತಾ ಏನೋ, ಒಂದ್ ಫೋನ್ ಮಾಡಿ ಕೇಣ್ ಅಂತಿದ್ರ್. ನಾಲ್ಕ್ ವರ್ಷವೂ ಅದೇ." ಗೇಟು ತೆರೆದು ಹಿಡಿದು, "ನಾ ಮಾಡ್ಲಿಲ್ಲೆ. ನಂಗ್ ನಿಮ್ ಮೇಲೆ ಸಿಟ್ಟಿದ್ದಿತ್" ಎಂದರು.

ಸಿಟ್ಟು ಸರಿಯಾದದ್ದೇ ಆಗಿತ್ತು. ಅವರ ನಂಬರ್ ಕೇಳಿ ಬರೆದುಕೊಂಡು ಬಂದೆ. ಯಾಕೆ ಕೇಳಿದೆನೋ ಆಗ ನನಗೂ ಗೊತ್ತಿರಲಿಲ್ಲ.

ಈಗ ಮತ್ತೆ ಮಳೆಗಾಲ. ಈ ನಾಲ್ಕು ವರ್ಷದ ಹಾಗೆಯೇ, ಕೆಳಗೆ ಹಾಲ್‌ಗೆಂದು ಏರಿಸಿದ ಮಣ್ಣಿನ ಗೋಡೆಗೆ ತಾಗಿ ನನ್ನ ಗದ್ದೆಯ ನೀರು ಹೋಗಲು ದಾರಿಯಿಲ್ಲದೆ ನಿಂತಿದೆ. ನೆಟ್ಟದ್ದು ಅರ್ಧ ಕೊಳೆತಿದೆ. ಎರಡನೆಯ ಸಲ ನೆಡಲು ಅಗೆ ಇಲ್ಲ. ಹೇಳಿದ ರಸ್ತೆ ಬರಲಿಲ್ಲ, ಬಂದಿದ್ದರೂ ಈ ಮನಸ್ಸಿಗೆ ಸಮಾಧಾನ ಆಗುತ್ತಿತ್ತೆಂದು ಅನ್ನಿಸುವುದಿಲ್ಲ. ಇವತ್ತು ಬೆಳಿಗ್ಗೆಯಿಂದ ನಾಲ್ಕು ಸಲ ಅಂಚಿಗೆ ಹೋಗಿ ಬಂದೆ. ಒಂದ್ ಗಳಿಗೆ ಕೂಕಣಿ ಮಾರಾಯ್ರೆ ಎಂದು ಮನೆಯಲ್ಲಿ ಹೇಳುತ್ತಲೇ ಇದ್ದರು. ಕೂರಲಾರದೆ, ಕೊನೆಗೆ ಆ ನಂಬರಿಗೆ ಫೋನ್ ಮಾಡಿದೆ.

"ನೀರ್ ನಿಂತಿತ್" ಎಂದೆ.

ಅತ್ತ ಕಡೆಯಿಂದ ಮಗಳು, "ಎಷ್ಟ್?" ಎಂದು ಕೇಳಿದರು.

"ಮೊಣಕಾಲ್ ಮಟ್ಟ."

"ಅಮ್ಮ ಇಪ್ಪಾಗ ಹೇಳ್ಕಿದ್ದಿತ್."

ಹೌದು, ಆಗಲೇ ಹೇಳಬೇಕಿತ್ತು ಎಂದೆ. ಆಮೇಲೂ ಬಹಳ ಹೊತ್ತು ಇಬ್ಬರೂ ಫೋನ್ ಇಡಲಿಲ್ಲ.