ಅಂಗಡಿ ಸಾಲುಗಳ ಸಾಲಕ್ಕ

ಬೆಳಕಿನ್ನೂ ಸರಿಯಾಗಿ ಹರಿದಿಲ್ಲ. ಅರ್ಧ ಎತ್ತಿದ ಶಟರಿನಡಿ ಬಗ್ಗಿ ಒಳಬಂದವರೇ ಬಿಸ್ಕತ್ತಿನ ಕಪಾಟಿನ ಮುಂದೆ ಕುಕ್ಕರಗಾಲಲ್ಲಿ ಕೂರುತ್ತಾರೆ. ಹಳೆಯ ಪೊಟ್ಟಣಗಳನ್ನು ಮುಂದಕ್ಕೆಳೆದು, ನಿನ್ನೆ ಬಂದವನ್ನು ಹಿಂದಕ್ಕೆ ತಳ್ಳುತ್ತಾರೆ. "ಮೊದಲು ಬಂದವ್ರು ಮೊದಲು ಹೋಗ್ಬೇಕು. ನುಗ್ಗಂಗಿಲ್ಲ," ಎಂದು ಪೊಟ್ಟಣಗಳಿಗೇ ಗದರುತ್ತಾರೆ.

ಬೀದಿಗೆಲ್ಲ ಇವರು ಸಾಲಕ್ಕ. ಸಾಮಾನನ್ನು ಸಾಲಾಗಿ ಜೋಡಿಸುವ ಅಕ್ಕ ಎಂದು ಬಂದ ಹೆಸರು. ಹೊಸಬರು ಸಾಲ ಕೊಡುವ ಅಕ್ಕ ಎಂದುಕೊಂಡು ಪಕ್ಕಕ್ಕೆ ಕರೆದು ಪಿಸುಗುಟ್ಟುವುದೂ ಉಂಟು. "ಇರೋದೆಲ್ಲ ಈ ಕಪಾಟಲ್ಲೇ ಕಣಪ್ಪಾ, ಅದೂ ನನ್ನದಲ್ಲ," ಎಂದು ನಗುತ್ತಾರೆ.

ಈ ಅಂಗಡಿಗೆ ಮೊದಲು ಬಂದದ್ದು ಕಸ ಗುಡಿಸಲು. ಮರ ಕೊಯ್ಯುವ ಕಾರ್ಖಾನೆಯಲ್ಲಿ ಬೆರಳು ಕಳೆದುಕೊಂಡ ಗಂಡ ಮನೆ ಹಿಡಿದಿದ್ದ ಕಾಲ, ಮಗಳಿನ್ನೂ ಕಂಕುಳಲ್ಲಿ. ಅಂಗಡಿಯ ಒಡತಿಯನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದರು. ಒಂದು ದಿನ ಯಾರೂ ಹೇಳದೆಯೇ ಸಾಲಕ್ಕ ಸೋಪುಗಳನ್ನೆಲ್ಲ ಬಣ್ಣಕ್ಕೆ ತಕ್ಕಂತೆ ಗೋಡೆ ಕಟ್ಟಿದಂತೆ ಜೋಡಿಸಿಟ್ಟರು. ಬಂದವರೆಲ್ಲ ಹೊಗಳಿದರು. ಸಂಜೆಯಾದರೂ ಒಂದು ಸೋಪೂ ಕದಲಲಿಲ್ಲ.

"ದೊಡ್ಡಮ್ಮ ಬಂದು ಎರಡು ಸೋಪು ಕಿತ್ತು ನನ್ನ ಕೈಗಿಟ್ರು. 'ಇಷ್ಟು ಚೆಂದ ಕಟ್ಟಿದ್ರೆ ಮುಟ್ಟೋಕೇ ಭಯ ಆಗುತ್ತೆ ಕಣೇ. ಯಾರೋ ಆಗ್ಲೇ ತಗೊಂಡು ಹೋಗಿದ್ದಾರೆ ಅನ್ನೋ ಹಾಗೆ ಒಂಚೂರು ಜಾಗ ಬಿಡು' ಅಂದ್ರು. ಮಾರನೇ ದಿನ ಪೊರಕೆ ಬೇರೆಯವರ ಕೈಗೆ ಹೋಯ್ತು, ಕಪಾಟು ನನ್ನ ಕೈಗೆ ಬಂತು."

ಆಮೇಲಿನದೆಲ್ಲ ಬೈಸಿಕೊಂಡು ಕಲಿತದ್ದು. ಸಕ್ಕರೆ ಎಲ್ಲರಿಗೂ ಬೇಕಾದ್ದು, ಅದನ್ನು ಕೊನೆಯಲ್ಲಿಟ್ಟರೆ ಜನ ಅಂಗಡಿಯೆಲ್ಲ ನೋಡುತ್ತ ಹೋಗುತ್ತಾರೆ ಎಂಬುದು ದೊಡ್ಡಮ್ಮನ ಲೆಕ್ಕಾಚಾರ. ಕೋಲೂರಿಕೊಂಡು ಬಂದ ಮುದುಕರೊಬ್ಬರು ಅರ್ಧಕ್ಕೇ ವಾಪಸಾದಾಗ ಸಾಲಕ್ಕನಿಗೆ ತಡೆಯಲಾಗಲಿಲ್ಲ. ಜಗಳವಾಯಿತು, ಇಬ್ಬರೂ ಮಾತು ಬಿಟ್ಟರು. ಕೊನೆಗೆ ದೊಡ್ಡಮ್ಮ ತಮ್ಮ ಮನೆಯ ಬೆತ್ತದ ಕುರ್ಚಿಯನ್ನೇ ತರಿಸಿ ದಾರಿಯ ನಡುವೆ ಹಾಕಿಸಿದರು. ಸಕ್ಕರೆ ಮಾತ್ರ ಕೊನೆಯಲ್ಲೇ ಉಳಿಯಿತು.

ಎದುರಿಗೆ ದೊಡ್ಡ ಮಳಿಗೆಯೊಂದು ತೆರೆದ ವರ್ಷವೇ ದೊಡ್ಡಮ್ಮನಿಗೆ ಲಕ್ವ ಹೊಡೆದು ಮಾತು ನಿಂತಿತು. ಅಂಗಡಿ ಬಿಕೋ ಎನ್ನುತ್ತಿತ್ತು. ಮುಚ್ಚಿಬಿಡೋಣ ಎಂದ ದೊಡ್ಡಮ್ಮನ ಮಗನಿಗೆ ಸಾಲಕ್ಕ, "ಶಾಲೆ ಶುರುವಾಗೋವರೆಗೆ ತಾಳಿ ಅಣ್ಣಾ," ಎಂದರು. ಬಾಗಿಲಲ್ಲಿ ನಿಂತು, ಬರಿಗೈಲಿ ಹೊರಟವರನ್ನೆಲ್ಲ "ಏನು ಬೇಕಿತ್ತು?" ಎಂದು ಕೇಳತೊಡಗಿದರು. ಒಬ್ಬರಿಗೆ ಅಂಗಿಗೆ ಹೊಂದುವ ಒಂದು ಗುಂಡಿ, ಇನ್ನೊಬ್ಬರಿಗೆ ಒಂದು ಸೂಜಿ, ಮತ್ತೊಬ್ಬರಿಗೆ ಬೂಟಿನ ಲೇಸು. ಎದುರಿನವರು ಡಜನ್‌ಗಟ್ಟಲೆ ಕಟ್ಟಿ ಮಾರುತ್ತಿದ್ದ ಸಾಮಾನುಗಳವು. ಸಾಲಕ್ಕ ಮುಂದಿನ ಕಪಾಟು ಖಾಲಿ ಮಾಡಿ, ಬಿಡಿಯಾಗಿ ಸಿಗುವ ಸಣ್ಣಪುಟ್ಟದ್ದಕ್ಕೆಲ್ಲ ಒಂದು ಸಾಲು ಮಾಡಿದರು.

"ಗುಂಡಿಗೆ ಬಂದವ್ರು ಸೋಪೂ ತಗೊಂಡು ಹೋದ್ರು. ಶಾಲೆ ಶುರುವಾಗೋ ಹೊತ್ತಿಗೆ ಜನ ತಿರುಗಿ ಬಂದಿದ್ರು."

ಮಗ ಬೀಗದ ಕೈಯನ್ನು ಅವರಿಗೇ ಕೊಟ್ಟ. ಒಂದು ಬೆಳಿಗ್ಗೆ ತಾಯಿಯನ್ನು ಗಾಲಿಕುರ್ಚಿಯಲ್ಲಿ ಕರೆತಂದ. ದೊಡ್ಡಮ್ಮ ಒಂದೊಂದು ಸಾಲನ್ನೂ ನೋಡಿದರು. ಗುಂಡಿಗಳ ಮುಂದೆ ಸಾಲಕ್ಕನ ಕೈ ಹಿಡಿದವರು, ತರಿಸಿದ ಚಹಾ ಆರಿ ಹೋದರೂ ಬಿಡಲಿಲ್ಲ. ಆ ವರ್ಷವೇ ತೀರಿಕೊಂಡರು.

"ಏನು ಹೇಳ್ಬೇಕಂತಿದ್ರೋ," ಎನ್ನುತ್ತಾರೆ ಸಾಲಕ್ಕ, ಕಣ್ಣು ಬೇರೆಡೆ ತಿರುಗಿಸಿ. "ಬೈಯೋಕೇ ಇತ್ತೇನೋ. ಬೈದಿದ್ರೂ ಚೆನ್ನಾಗಿರ್ತಿತ್ತು."

ಈಗ ಮಗಳು, ದುಡಿದದ್ದು ಸಾಕಮ್ಮಾ, ಇನ್ನು ಮನೇಲಿರು ಎಂದು ದುಂಬಾಲು ಬಿದ್ದಿದ್ದಾಳೆ. ಸಾಲಕ್ಕನಿಗಿರುವುದು ಒಂದೇ ಆಸೆ. "ಒಂದು ದಿನ ಬುಟ್ಟಿ ಹಿಡ್ಕೊಂಡು ಗಿರಾಕಿ ಥರ ಬರ್ಬೇಕು. ಏನು ಬೇಕೂಂತ ಗೊತ್ತಿಲ್ದೆ ಸುಮ್ನೆ ನೋಡ್ತಾ ನಡೀಬೇಕು. ಏನನ್ನೂ ಸರಿ ಮಾಡಬಾರ್ದು." ತಮ್ಮ ಕೈಗಳನ್ನೊಮ್ಮೆ ನೋಡಿಕೊಳ್ಳುತ್ತಾರೆ. "ಇವು ಸುಮ್ನಿರ್ತವೆ ಅನ್ನೋ ನಂಬಿಕೆ ಮಾತ್ರ ನಂಗಿಲ್ಲ."